ಜಿಲ್ಲಾ ಬೋರ್ಡಿನಿಂದ ಗ್ರಾಮಸಭೆಯವರೆಗೆ

ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಶಾಸನ, ಯಕ್ಷಗಾನ, ಕಾವ್ಯಗಳನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಸರಕಾರಿ ಸಭೆಗಳ ಚರಿತ್ರೆಗೇನು ಸ್ಥಾನವೆಂದು ಕೆಲವರು ಕೇಳಬಹುದು. ಆದರೆ ತೋಡಿಗೆ ಕಾಲುಸಂಕ ಎಲ್ಲಿ ಆಗಬೇಕು, ಸಾರ್ವಜನಿಕ ಬಾವಿ ಎಲ್ಲಿ ತೋಡಬೇಕು, ಸೋರುವ ಮನೆಗಳಲ್ಲಿ ಯಾರದಕ್ಕೆ ಮೊದಲು ಸಹಾಯಧನ ಸಲ್ಲಬೇಕು ಎಂಬ ತೀರ್ಮಾನಗಳು ಆಗುವುದು ಅಂತಹ ಸಭೆಗಳಲ್ಲಿಯೇ. ಊರಿನ ಕೆಲಸದ ಮಾತು ಯಾವ ಭಾಷೆಯಲ್ಲಿ ನಡೆಯುವುದೋ ಆ ಭಾಷೆಗೆ ಊರಿನಲ್ಲಿ ಬೆಲೆ. ಆದಕಾರಣ ನಮ್ಮ ಕಾಸರಗೋಡು ಸೀಮೆಯಲ್ಲಿ ಸಾರ್ವಜನಿಕ ಸಭೆಯು ಬೆಳೆದು ಬಂದ ಬಗೆಯನ್ನು ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಕಾಸರಗೋಡು ಆಗ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1871ರ ಕಾಯಿದೆಯಂತೆ ರಸ್ತೆ, ಶಾಲೆ, ಆಸ್ಪತ್ರೆಗಳಿಗಾಗಿ ಸ್ಥಳೀಯ ನಿಧಿಯೊಂದು ಏರ್ಪಟ್ಟಿತು. 1882ರ ಮೇ 18ರಂದು ವೈಸರಾಯ್ ರಿಪ್ಪನ್ ಪ್ರಭುವಿನ ಸರಕಾರವು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಪ್ರಕಟಿಸಿತು. ಆಡಳಿತದ ಸೌಕರ್ಯಕ್ಕಿಂತಲೂ ಜನರ ರಾಜಕೀಯ ಶಿಕ್ಷಣವೇ ಇದರ ಮುಖ್ಯ ಪ್ರಯೋಜನವೆಂಬುದು ಅದರ ಸಾರ. ಅದನ್ನನುಸರಿಸಿ 1884ರಲ್ಲಿ ಮದ್ರಾಸಿನ ಲೋಕಲ್ ಬೋರ್ಡುಗಳ ಕಾಯಿದೆ ಬಂದು, ಜಿಲ್ಲಾ ಬೋರ್ಡು, ತಾಲೂಕು ಬೋರ್ಡು ಮತ್ತು ಯೂನಿಯನ್ ಪಂಚಾಯತುಗಳು ಹುಟ್ಟಿದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ನಮ್ಮನ್ನಾಳುತ್ತಿದ್ದ ಇಂಗ್ಲೆಂಡಿನಲ್ಲಿಯೇ ಆಗ ಜಿಲ್ಲೆಯಂತಹ ಕೌಂಟಿಯ ಆಡಳಿತವು ಚುನಾಯಿತರ ಕೈಯಲ್ಲಿರಲಿಲ್ಲ. ಸರಕಾರ ನೇಮಿಸಿದ ನ್ಯಾಯಾಧಿಪತಿಗಳು ಮೂರು ತಿಂಗಳಿಗೊಮ್ಮೆ ಕೂಡಿ ಅದನ್ನು ನಡೆಸುತ್ತಿದ್ದರು. ಅಲ್ಲಿ ಚುನಾಯಿತ ಕೌಂಟಿ ಸಭೆಗಳಿಗೆ ಅವಕಾಶವಾದದ್ದು 1888ರ ಕಾಯಿದೆಯಿಂದ. ಇಷ್ಟಾದರೂ ನಮ್ಮಲ್ಲಿ ಬೋರ್ಡು ಬೇಗ ಬಂದಿತೆಂದು ಹಿಗ್ಗುವಂತಿರಲಿಲ್ಲ. ಜಿಲ್ಲಾ ಬೋರ್ಡಿನ ಅಧ್ಯಕ್ಷಪೀಠದಲ್ಲಿ ಕುಳಿತವರು ಕಲೆಕ್ಟರರು. ಸರಕಾರದ ಮೇಲ್ಮಟ್ಟದ ಆಡಳಿತಭಾಷೆ ಇಂಗ್ಲಿಷು. ಗದ್ದೆಯ ತೀರ್ವೆಯೊಡನೆ ಸೆಸ್ಸನ್ನು ತೆತ್ತ ರೈತನು ಸಭೆಯಲ್ಲಿ ತನ್ನ ರಸ್ತೆಯ ವಿಚಾರ ಏನಾಯಿತೆಂದು ತಿಳಿಯಬೇಕಾದರೆ ಇಂಗ್ಲಿಷು ಬಲ್ಲ ವಕೀಲರನ್ನೋ ಗುಮಾಸ್ತರನ್ನೋ ಕೇಳಬೇಕಾಗಿತ್ತು.

1920ರ ಹೊಸ ಕಾಯಿದೆಯು ಚುನಾಯಿತ ಸದಸ್ಯರ ಬಲವನ್ನು ಹೆಚ್ಚಿಸಿತು. ಕಲೆಕ್ಟರರ ಸ್ಥಾನದಲ್ಲಿ ಜನಪ್ರತಿನಿಧಿಗಳು ಅಧ್ಯಕ್ಷರಾಗತೊಡಗಿದರು. 1934ರಲ್ಲಿ ತಾಲೂಕು ಬೋರ್ಡುಗಳು ರದ್ದಾಗಿ ಅವುಗಳ ಹೊಣೆ ಜಿಲ್ಲಾ ಬೋರ್ಡಿಗೆ ಸೇರಿತು. ಆದರೆ ಮತದ ಹಕ್ಕು ಆಸ್ತಿ, ತೆರಿಗೆಗಳ ಅಳತೆಗೆ ಒಳಪಟ್ಟಿದ್ದುದರಿಂದ, ಪರರ ತೋಟದಲ್ಲಿ ದುಡಿಯುವ ಕೂಲಿಯಾಳಿಗೆ ಈ ಬೋರ್ಡು ಎಲ್ಲೋ ದೂರದ ಕಚೇರಿಯಾಗಿಯೇ ಉಳಿಯಿತು.

ಸಭೆಗೆ ಹೋಗಿ ಕುಳಿತು ಕೇಳುವ ಹಕ್ಕು ಸಹ ಸುಲಭವಾಗಿ ದೊರೆತುದಲ್ಲ. ಇಂಗ್ಲೆಂಡಿನಲ್ಲಿ ಪತ್ರಿಕೆಯವರನ್ನು ಸ್ಥಳೀಯ ಸಭೆಗಳೊಳಗೆ ಬಿಡಬೇಕೆಂಬ ಕಾಯಿದೆ ಬಂದುದು 1908ರಲ್ಲಿ. ಸಾಮಾನ್ಯ ಜನರನ್ನೂ ಬಿಡಬೇಕೆಂಬ ಕಾಯಿದೆಗೆ 1960ರವರೆಗೆ ಕಾಯಬೇಕಾಯಿತು. ಹೀಗೆ ಬಾಗಿಲು ತೆರೆದರೂ ಜನರಿಗೆ ದೊರೆತದ್ದು ಕೇಳುಗರ ಸ್ಥಾನ ಮಾತ್ರ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ದಕ್ಷಿಣ ಕನ್ನಡದ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಹೋಯಿತು. ಆ ದಿನದ ನೋವನ್ನು ಇಲ್ಲಿ ಮತ್ತೆ ವರ್ಣಿಸುವುದಿಲ್ಲ. ಅದನ್ನು ಅರಿಯದ ಮನೆ ನಮ್ಮಲ್ಲಿಲ್ಲ. 1960ರ ಕಾಯಿದೆಯಿಂದ ಕೇರಳದಾದ್ಯಂತ ಏಕರೀತಿಯ ಪಂಚಾಯತುಗಳಾದವು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರಕಿತು. ಮರುವರ್ಷ ಕೇರಳ ಪಂಚಾಯತ್ ರಾಜ್ ಕಾಯಿದೆ ಬಂದಿತು. ಚುನಾಯಿತರ ಸಭೆಯೊಡನೆ ಮತದಾರರೆಲ್ಲರ ಸಭೆಯೂ ಇದರಿಂದ ಏರ್ಪಟ್ಟಿತು.

ಈ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಪ್ರತಿಯೊಂದು ವಾರ್ಡಿಗೂ ಒಂದು ಗ್ರಾಮಸಭೆ. ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು. ಸಭೆ ಕರೆಯುವ ಹೊಣೆ ವಾರ್ಡಿನ ಸದಸ್ಯರದು. ಅಧ್ಯಕ್ಷತೆ ಪಂಚಾಯತು ಅಧ್ಯಕ್ಷರದು. ಕೋರಂ ಮತದಾರರಲ್ಲಿ ನೂರಕ್ಕೆ 10. ಬೀದಿದೀಪ, ನೀರಿನ ನಲ್ಲಿ, ಬಾವಿ, ನೀರಾವರಿ ಎಲ್ಲೆಲ್ಲಿ ಆಗಬೇಕೆಂದು ಸೂಚಿಸುವುದು ಈ ಸಭೆಯ ಕೆಲಸ. ಸಹಾಯಧನಕ್ಕೆ ಅರ್ಹರಾದವರ ಪಟ್ಟಿಯನ್ನು ಅದು ಆದ್ಯತೆಯ ಕ್ರಮದಲ್ಲಿ ತಯಾರಿಸುತ್ತದೆ. ಆ ಕ್ರಮವನ್ನು ಬದಲಿಸುವ ಅಧಿಕಾರ ಪಂಚಾಯತಿಗಿಲ್ಲ. ಹಿಂದಿನ ಸಭೆಯ ತೀರ್ಮಾನ ಏನಾಯಿತು, ಆಗದಿದ್ದರೆ ಕಾರಣವೇನು ಎಂದು ಕೇಳಿ ತಿಳಿಯುವ ಹಕ್ಕೂ ಸದಸ್ಯರಿಗುಂಟು. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯು ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟುದರಿಂದ ಈ ಸಭೆಯ ಮಾತಿಗೆ ತೂಕ ಬಂದಿತು.

ಹಾಗಿದ್ದರೂ ಸಭೆಯ ಜೀವಾಳವಿರುವುದು ಮೂರು ಕಾಗದಗಳಲ್ಲಿ: ಸಭೆಯ ತಿಳುವಳಿಕೆ ಪತ್ರ, ಕಾರ್ಯಸೂಚಿ ಮತ್ತು ನಡವಳಿ ಪುಸ್ತಕ. ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ವರ್ಕಾಡಿಯಂತಹ ಪಂಚಾಯತುಗಳಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ತಾಯಂದಿರು ಬಹುಮಂದಿ ಇದ್ದಾರೆ. ತಿಳುವಳಿಕೆ ಪತ್ರವನ್ನು ಓದಲಾಗದವರು ಸಭೆಗೆ ಬಂದರೂ ಮೌನವಾಗಿ ಸಹಿ ಹಾಕಿ ಹಿಂದಿರುಗುವರು. ಅವರ ಸಹಿಯಿಂದ ಕೋರಂ ತುಂಬುತ್ತದೆ. ಅವರ ಅಹವಾಲು ನಡವಳಿಯಲ್ಲಿ ಸೇರುವುದಿಲ್ಲ. ಕಲೆಕ್ಟರರ ಕಾಲದ ರೈತನಿಗೆ ಒದಗಿದ ಸ್ಥಿತಿ ಆಗ ಬೇರೊಂದು ಲಿಪಿಯಲ್ಲಿ ಮರಳಿ ಬಂದಂತಾಗುತ್ತದೆ.

ಇದಕ್ಕೆ ಆಧಾರವಿಲ್ಲದೆ ಕೈಕಟ್ಟಿ ಕೂರಬೇಕಾದವರು ನಾವಲ್ಲ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಇತ್ತಿದೆ. ಕೇರಳವು 1969ರಲ್ಲಿ ಮಾಡಿದ ಅಧಿಕೃತ ಭಾಷೆಗಳ ಕಾಯಿದೆಯು, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕಲ್ಪಿಸಿತು. ಮಲಯಾಳ ಮಾತನಾಡುವ ನೆರೆಹೊರೆಯವರೊಡನೆ ನಮಗೆ ಜಗಳವಿಲ್ಲ. ಅವರ ಬಾವಿಯೂ ನಮ್ಮ ಬಾವಿಯೂ ಬತ್ತುವುದು ಒಂದೇ ಬೇಸಗೆಯಲ್ಲಿ. ಒಂದೇ ತಿಳುವಳಿಕೆ ಪತ್ರದಲ್ಲಿ ಎರಡು ಭಾಷೆಗಳು ಇದ್ದರೆ ಯಾರಿಗೂ ನಷ್ಟವಿಲ್ಲ.

ಕೊನೆಯದಾಗಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ರಾಜ್ಯೋತ್ಸವದ ಸಭೆಗೆ ತಪ್ಪದೆ ಬರುವ ನಾವು ಗ್ರಾಮಸಭೆಯ ದಿನ ಅಡಕೆ ಸುಲಿಯುವ ಕೆಲಸವನ್ನು ನೆವ ಮಾಡುತ್ತೇವೆ. ನಾವು ಹೋಗದ ಸಭೆಯಲ್ಲಿ ಕನ್ನಡವಿಲ್ಲವೆಂದು ದೂರುವುದು ನ್ಯಾಯವಲ್ಲ. ಮುಂದಿನ ಸಭೆಗೆ ಮನೆಗೊಬ್ಬರಾದರೂ ಹೋಗಲಿ. ಬೇಡಿಕೆಯನ್ನು ಕನ್ನಡದಲ್ಲಿ ಬರೆದು ಕೊಡಲಿ. ಅದು ನಡವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಯೇ ಮನೆಗೆ ಮರಳಲಿ.