ಇಂಗ್ಲಿಷ್ ಬರಹದಲ್ಲಿ ವಿರಾಮಚಿಹ್ನೆಗಳು

ವಿರಾಮಚಿಹ್ನೆಗಳು ಮೊದಲು ಹುಟ್ಟಿದುದು ಓದುವವನ ಉಸಿರಿಗಾಗಿ. ಕ್ರಿ. ಪೂ. ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಪಾಲಕನಾಗಿದ್ದ ಅರಿಸ್ಟೋಫನೀಸನು ಗ್ರೀಕ್ ಬರಹದಲ್ಲಿ ಮೂರು ಎತ್ತರಗಳಲ್ಲಿ ಬಿಂದುಗಳನ್ನಿಟ್ಟು ನಿಲುಗಡೆಗಳನ್ನು ಸೂಚಿಸಿದನು. ವೆನಿಸಿನ ಮುದ್ರಕ ಆಲ್ಡಸನು 1496ರಲ್ಲಿ ಅರ್ಧವಿರಾಮವನ್ನು ಅಚ್ಚಿಗೆ ತಂದನು. ಇಂಗ್ಲೆಂಡಿನಲ್ಲಿ 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರೆಯ ವ್ಯಾಕರಣವು ಅಲ್ಪವಿರಾಮಕ್ಕೆ ಅರ್ಧವಿರಾಮವೂ, ಅದಕ್ಕೆ ಕೋಲನ್ನೂ, ಕೋಲನ್ನಿಗೆ ಪೂರ್ಣವಿರಾಮವೂ ಇಮ್ಮಡಿಯೆಂದು ಗಣಿಸಿತು. ಕರ್ತೃಭಾಗವು ದೀರ್ಘವಾಗಿದ್ದರೆ ಕ್ರಿಯಾಪದಕ್ಕೆ ಮುನ್ನ ಅಲ್ಪವಿರಾಮವನ್ನಿಡಲು ಮರೆಯು ಸಮ್ಮತಿಸಿದ್ದನು.

ಆದರೆ ಅರ್ಥನಿರ್ಣಯಕ್ಕೆ ಉಸಿರಿನ ಅಳತೆಯು ಸಾಲದೆಂಬುದು 1916ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ವ್ಯಕ್ತವಾಯಿತು. ಐರಿಷ್ ನಾಯಕ ರೋಜರ್ ಕೇಸ್‌ಮೆಂಟನು ಜರ್ಮನಿಯಲ್ಲಿ ಶತ್ರುಪಕ್ಷವನ್ನು ಸೇರಿದನೆಂಬುದು ಆರೋಪ. 1351ರ ರಾಜದ್ರೋಹ ಶಾಸನದಲ್ಲಿ ‘ಅಥವಾ ಅನ್ಯತ್ರ’ ಎಂಬ ಮಾತು ಶತ್ರುಗಳಿಗೆ ನೀಡಿದ ಸಹಾಯಕ್ಕೆ ಮಾತ್ರ ಅನ್ವಯಿಸುವುದೆಂದೂ, ರಾಜ್ಯದ ಹೊರಗೆ ಅವರನ್ನು ಸೇರುವುದು ಆ ಶಾಸನದೊಳಗೆ ಬಾರದೆಂದೂ ಆತನ ಪಕ್ಷದವರು ವಾದಿಸಿದರು. ಅಲ್ಲಿ ವಿರಾಮವುಂಟೆ ಎಂದರಿಯಲು ನ್ಯಾಯಾಧೀಶರು ಮೂಲ ಲಿಖಿತವನ್ನೇ ಪರೀಕ್ಷಿಸಿದರು. ವಾದವು ತಿರಸ್ಕೃತವಾಯಿತು, ಆಗಸ್ಟ್ 3ರಂದು ಆತನನ್ನು ಗಲ್ಲಿಗೇರಿಸಿದರು.

ಇಂದಿನ ಇಂಗ್ಲಿಷಿನಲ್ಲಿ ಅನ್ವಯವೇ ಪ್ರಮಾಣವು. ಮರೆಯು ಸಮ್ಮತಿಸಿದ್ದ ಆ ಅಲ್ಪವಿರಾಮವು, ಓದುವವನ ಉಸಿರು ಎಷ್ಟೇ ಬೇಡಿದರೂ, ಈಗ ದೋಷವೆನಿಸಿದೆ.