ಬರಿದಾದ ಗದ್ದುಗೆಗಳ ಇತಿಹಾಸ

ಪುಸ್ತಕ ಮಾರುವುದಕ್ಕೆಂದು ಹುಟ್ಟಿದ ಆಟವೊಂದು ಇಪ್ಪತ್ತು ವರ್ಷ ದಾಟಿ ಬದುಕಿದೆ. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ 2002ರ ನವೆಂಬರಿನಲ್ಲಿ ‘ನೇಷನ್‌ಸ್ಟೇಟ್ಸ್’ ಆರಂಭಿಸಿದ್ದು, ಮರುವರ್ಷ ಹೊರಬರಲಿದ್ದ ತಮ್ಮ ‘ಜೆನ್ನಿಫರ್ ಗವರ್ನಮೆಂಟ್’ ಕಾದಂಬರಿಗೆ ಓದುಗರನ್ನು ಸೆಳೆಯಲು. ಜನ ತಾವು ದುಡಿಯುವ ಕಂಪನಿಯ ಹೆಸರನ್ನೇ ತಮ್ಮ ಹೆಸರಿನ ಕೊನೆಗೆ ಅಂಟಿಸಿಕೊಳ್ಳುವ ಲೋಕದ ಕಥೆ ಅದು. ಆ ವ್ಯಂಗ್ಯ ಆಟಕ್ಕೂ ಇಳಿದು ಬಂತು. ಹೆಸರು, ಧ್ಯೇಯವಾಕ್ಯ, ನಾಣ್ಯ, ರಾಷ್ಟ್ರಪ್ರಾಣಿ ಗೊತ್ತುಮಾಡಿದರೆ ದೇಶ ಸಿದ್ಧ. ಆಮೇಲೆ ಸರ್ಕಾರದ ಮುಂದೆ ಒಂದಲ್ಲ ಒಂದು ಪೇಚು ಬಂದು ನಿಲ್ಲುತ್ತದೆ. ಯಾವ ದಾರಿ ಹಿಡಿದರೂ ಅದರ ವಿಪರೀತದ ಫಲ ಉಣ್ಣಬೇಕು. ನಾಗರಿಕ ಹಕ್ಕು, ಆರ್ಥಿಕತೆ, ರಾಜಕೀಯ ಸ್ವಾತಂತ್ರ್ಯ ಎಂಬ ಮೂರು ಅಳತೆಗಳಲ್ಲಿ ತೂಗಿ ದೇಶಕ್ಕೆ 27 ಬಗೆಯ ಸರ್ಕಾರಗಳಲ್ಲಿ ಒಂದರ ಹಣೆಪಟ್ಟಿ ಹಚ್ಚಲಾಗುತ್ತದೆ. ಅವುಗಳಲ್ಲಿ ಅಪ್ಪ ಹೇಳಿದ್ದೇ ಸರಿ ಎನ್ನುವ ರಾಜ್ಯವೂ ಉಂಟು, ಹುಚ್ಚು ಹಿಡಿದ ಸರ್ವಾಧಿಕಾರವೂ ಉಂಟು.

ಆದರೆ ಈ ಆಟಕ್ಕೆ ಇತಿಹಾಸ ಎನ್ನಬಹುದಾದದ್ದು ದಕ್ಕಿದ್ದು ಇಲ್ಲಿಂದಲ್ಲ. ಪೇಚುಗಳನ್ನು ಬಿಡಿಸುತ್ತ ಕೂತವನ ದೇಶವನ್ನು ಯಾರೂ ಕಸಿಯಲಾರರು. ಆಟದಲ್ಲಿ ಯುದ್ಧ ಹೂಡುವ ಏರ್ಪಾಡೇ ಇಲ್ಲ. ಕಳೆದುಕೊಳ್ಳುವುದೇನೂ ಇಲ್ಲದ ಕಡೆ ನಡೆಯುವುದು ಲೇಖಕನ ಹಾಸ್ಯ ಮಾತ್ರ. ರಾಜಕೀಯ ಹುಟ್ಟಿದ್ದು ದೇಶಗಳು ಸೇರಿ ಆಗುವ ವಲಯಗಳಲ್ಲಿ, ಯಾಕೆಂದರೆ ಅಲ್ಲಿ ಎಲ್ಲರಿಗೂ ಸಿಗಲಾರದ ಒಂದು ವಸ್ತುವಿತ್ತು: ಡೆಲಿಗೇಟ್ ಎಂಬ ಒಂದೇ ಒಂದು ಗದ್ದುಗೆ. ಆಟದೊಳಗೆ ಆಗ ‘ವಿಶ್ವಸಂಸ್ಥೆ’ ಎನಿಸಿಕೊಂಡಿದ್ದ ಸಂಸ್ಥೆಗೆ ಸೇರಿದ ದೇಶಗಳು ಒಂದಕ್ಕೊಂದು ಬೆಂಬಲ ಕೊಡಬಹುದು. ವಲಯದಲ್ಲಿ ಹೆಚ್ಚು ಬೆಂಬಲ ಗಳಿಸಿದ ದೇಶ ಡೆಲಿಗೇಟ್ ಆಗುತ್ತದೆ, ಬೇಡವಾದವರನ್ನು ವಲಯದಿಂದ ಹೊರದಬ್ಬುವ ಅಧಿಕಾರವೂ ಅದರ ಕೈಗೆ ಬರುತ್ತದೆ. ಒಬ್ಬ ಆಟಗಾರ ಎಷ್ಟು ದೇಶ ಕಟ್ಟಿದರೂ ಆ ಸಂಸ್ಥೆಗೆ ಸೇರಿಸಬಹುದಾದದ್ದು ಒಂದನ್ನೇ. ಅಂದಮೇಲೆ ಗದ್ದುಗೆ ಏರಲು ಬೇರೆ ಮನುಷ್ಯರನ್ನು ಒಲಿಸಿಕೊಳ್ಳಲೇಬೇಕು. ಬೆಂಬಲದ ಲೆಕ್ಕ ಗೊತ್ತುಪಡಿಸಿದ ಹೊತ್ತಿಗೆ ನಡೆಯುವುದನ್ನು ಕಂಡುಕೊಂಡ ತಂಡಗಳು ಆ ಗಳಿಗೆಗೆ ಸ್ವಲ್ಪ ಮುಂಚೆ ಒಟ್ಟಾಗಿ ಪರವಲಯಕ್ಕೆ ನುಗ್ಗಿ, ತಮ್ಮವನಿಗೆ ಬೆಂಬಲ ಸುರಿದು, ಗದ್ದುಗೆ ಹಿಡಿಯತೊಡಗಿದವು. ಅವರೇ ರೇಡರ್‌ಗಳು. ಅವರನ್ನು ತಡೆಯಲು ಎದ್ದ ಪಡೆಯವರು ಡಿಫೆಂಡರ್‌ಗಳು. ಈ ಎರಡನ್ನೂ ಬ್ಯಾರಿ ಬರೆದಿರಲಿಲ್ಲ. ನಿಯಮದ ಸಂದಿಯಲ್ಲಿ ಆಟಗಾರರೇ ಬೆಳೆದುಕೊಂಡರು.

ಇದಕ್ಕೆ ದೊಡ್ಡ ಸಾಕ್ಷಿ ‘ದಿ ಪೆಸಿಫಿಕ್’. 2023ರವರೆಗೆ ಹೊಸ ದೇಶಗಳು ಕಣ್ಣು ಬಿಡುತ್ತಿದ್ದುದು ಪೆಸಿಫಿಕ್ ಹೆಸರಿನ ಐದು ವಲಯಗಳಲ್ಲಿ. ಆಟಗಾರರು ಅವನ್ನು ಫೀಡರ್ ಎನ್ನುತ್ತಾರೆ. ಅವನ್ನು ಯಾವ ಆಟಗಾರನೂ ಸ್ಥಾಪಿಸಿದ್ದಲ್ಲವಾದ್ದರಿಂದ ಡೆಲಿಗೇಟನ ಮೇಲೆ ಯಜಮಾನನಿಲ್ಲ. 2003ರಲ್ಲಿ ಫ್ರಾಂಕೋಸ್ ಸ್ಪೇನ್ ಎಂಬ ದೇಶ ‘ದಿ ಪೆಸಿಫಿಕ್’ನ ಗದ್ದುಗೆ ಹಿಡಿದು ‘ನ್ಯೂ ಪೆಸಿಫಿಕ್ ಆರ್ಡರ್’ ಸಾರಿತು. ಹೆಸರು ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನನ್ನು ನೆನಪಿಸಿದರೂ ಸಮರ್ಥನೆಗೆ ಕೈಚಾಚಿದ್ದು ಮಾರ್ಕ್ಸ್‌ನ ಕಡೆಗೆ. ಗೆದ್ದವರಿಗೆ ಸಮರ್ಥನೆ ಯಾಕೆ ಬೇಕಾಯಿತು ಎನ್ನುವುದೇ ಇಲ್ಲಿ ಮುಖ್ಯ. ಬೆಂಬಲ ಹಿಂತೆಗೆಯುವುದು ಯಾರಿಗಾದರೂ ಕ್ಷಣದ ಕೆಲಸ. ಹೊರದಬ್ಬಿಸಿಕೊಂಡವರು ‘ರಿಜೆಕ್ಟೆಡ್ ರೆಲ್ಮ್ಸ್’ ಎಂಬ ವಲಯದಲ್ಲಿ ಕೂತು ಸಂಘಟಿತರಾಗಬಲ್ಲರು. ಬರಿಯ ಬಲದಿಂದ ಗದ್ದುಗೆ ನಿಲ್ಲದೆಂದು ಕಂಡಾಗ ಸಿದ್ಧಾಂತ ಬಂತು, ಅದರ ಹಿಂದೆ ಕಾನೂನು, ಹುದ್ದೆ, ಪ್ರಚಾರ ಬಂದವು. ಆರ್ಡರ್‌ನ ನೆರಳು ಎಷ್ಟು ಉದ್ದ ಚಾಚಿತೆಂದರೆ, 2006ರಲ್ಲಿ ಶುರುವಾದ ‘ಸೈಬರ್ ನೇಷನ್ಸ್’ ಎಂಬ ಇನ್ನೊಂದು ಆಟಕ್ಕೂ ಅದೇ ಹೆಸರಿನ ಕೂಟ ಕಾಲಿಟ್ಟಿತು.

ರಕ್ತ ಹರಿಯದ, ತೆರಿಗೆ ಕಟ್ಟದ, ಬೇಸರವಾದರೆ ಎದ್ದು ಹೋಗಬಹುದಾದ ಕಡೆ ರಾಜಕೀಯವೆಲ್ಲಿ ಎಂದು ಕೇಳಬಹುದು. ಎದ್ದು ಹೋಗುವ ಸ್ವಾತಂತ್ರ್ಯ ರಾಜಕೀಯವನ್ನು ಅಳಿಸುವುದಿಲ್ಲ. ಆಳುವವನ ಕೆಲಸವನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಹೆದರಿಸಿ ಉಳಿಸಿಕೊಳ್ಳಲಾಗದ ಪ್ರಜೆಯನ್ನು ಒಪ್ಪಿಸಿಯೇ ಉಳಿಸಿಕೊಳ್ಳಬೇಕು. ಕಲ್ಪಿತ ದೇಶಗಳು ಹಿಂದೆಯೂ ಇದ್ದವಲ್ಲ ಎನ್ನುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬ್ರಾಂಟೆ ಮನೆಯ ಮಕ್ಕಳು 1826ರಲ್ಲಿ ತಂದೆ ತಂದುಕೊಟ್ಟ ಮರದ ಸಿಪಾಯಿಗಳಿಂದ ಗ್ಲಾಸ್ ಟೌನ್ ಕಟ್ಟಿದರು, ಮುಂದೆ ಅಂಗ್ರಿಯಾ ಬಂತು. ಆದರೆ ಅಲ್ಲಿ ಕಿರಿಯರಾದ ಎಮಿಲಿ ಮತ್ತು ಆನ್ ಬೇರೆಯಾಗಿ ಗೊಂಡಾಲ್ ಕಟ್ಟಿಕೊಂಡರು. ಕಲ್ಪನೆಯಲ್ಲಿ ನೆಲಕ್ಕೆ ಬರವಿಲ್ಲ, ಬೇಡವಾದರೆ ಇನ್ನೊಂದು ದ್ವೀಪ. ನೇಷನ್‌ಸ್ಟೇಟ್ಸ್‌ನಲ್ಲಿಯೂ ಹೊಸ ವಲಯ ಕಟ್ಟಬಹುದು, ಆದರೆ ಇನ್ನೊಂದು ‘ದಿ ಪೆಸಿಫಿಕ್’ ಕಟ್ಟಲಾಗದು. ಆಟವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎನ್ನುವವರಿಗೆ ಒಂದು ತಮಾಷೆಯ ಉತ್ತರ: 2008ರಲ್ಲಿ ನಿಜವಾದ ವಿಶ್ವಸಂಸ್ಥೆಯೇ ತನ್ನ ಹೆಸರು, ಲಾಂಛನ ಬಳಸಬೇಡಿ ಎಂದು ಪತ್ರ ಬರೆಯಿತು. ಆ ವರ್ಷದ ಏಪ್ರಿಲ್ 1ರಂದು ಆಟದ ಸಂಸ್ಥೆ ‘ವರ್ಲ್ಡ್ ಅಸೆಂಬ್ಲಿ’ ಆಯಿತು.

ರೇಡರ್‌ಗಳು ನುಗ್ಗುತ್ತಿದ್ದ ನಿಯಮದ ಸಂದಿಯನ್ನು ಮುಚ್ಚುವ ಯತ್ನಗಳೂ ನಡೆದವು. ವಲಯ ಕಟ್ಟಿದ ದೇಶಕ್ಕೆ, ಅಂದರೆ ಫೌಂಡರ್‌ಗೆ, ಚುನಾವಣೆಯ ಹಂಗಿಲ್ಲದ ಅಧಿಕಾರ ಸಿಕ್ಕಿತು. 2006ರಲ್ಲಿ ‘ಇನ್‌ಫ್ಲುಯೆನ್ಸ್’ ಬಂತು: ಹಳೆಯ ನಿವಾಸಿಗಳ ಪ್ರಭಾವ ಕಾಲ ಕಳೆದಂತೆ ಏರುತ್ತದೆ, ಅವರನ್ನು ಹೊರದಬ್ಬಲು ಡೆಲಿಗೇಟ್ ತನ್ನ ಗಂಟಿನಿಂದ ಪ್ರಭಾವ ವ್ಯಯಿಸಬೇಕು. ಫೌಂಡರ್ ಇರುವ ವಲಯ ಸುಭದ್ರವಾಯಿತು, ಕೆಲವೆಡೆ ನೀರಸವೂ ಆಯಿತು. 2023ರ ಬದಲಾವಣೆ ತಿರುಗುಮುಖದ್ದು. ಯಜಮಾನನಿಲ್ಲದೆ ಇರಲು ಒಪ್ಪಿದ ‘ಫ್ರಂಟಿಯರ್’ ವಲಯಗಳಿಗೆ ಹೊಸದಾಗಿ ಹುಟ್ಟುವ ದೇಶಗಳಲ್ಲಿ ಪಾಲು ಕೊಡುವ ನಿಯಮ ಬಂತು. ಭದ್ರತೆ ಬಿಟ್ಟುಕೊಟ್ಟವರಿಗೆ ಜನ ಸಿಗುತ್ತಾರೆ, ಜನರ ಬೆನ್ನಿಗೇ ರೇಡರ್‌ಗಳೂ ಬರುತ್ತಾರೆ.