ಸೇರು, ಕಪ್, ಗ್ರಾಂ: ಆದೋನಿ ಕಡೆಯ ಅಡುಗೆಯಲ್ಲಿ ಹಣ್ಣಿನ ಅಳತೆ
ಆದೋನಿ, ಆಲೂರು ತಾಲೂಕುಗಳು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಕಡೆಯ ಹಳೆಯ ಅಡುಗೆ ಲೆಕ್ಕದಲ್ಲಿ ‘ಸೇರು’ ಅಂತಿದ್ದರೆ ಯಾವ ಸೇರು ಎಂದು ಕೇಳಿಯೇ ಮುಂದುವರಿಯಬೇಕು. ಕಾಳು ಅಳೆಯುವ ಪಾತ್ರೆಯೂ ಸೇರು, ತೂಕವೂ ಸೇರು. ತೂಕದಲ್ಲೂ ಎರಡು ಬಗೆ: 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ, 80 ತೊಲದ ಪಕ್ಕಾ ಸೇರು 933 ಗ್ರಾಂ. ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಹುಣಸೆಹಣ್ಣಿನಲ್ಲಿ ಇದು ತಪ್ಪಿದರೆ ಇಡೀ ಪಾತ್ರೆಯ ಸಾರು ಕೆಟ್ಟಿತೆಂದೇ ಲೆಕ್ಕ.

ಈಗಿನ ಅಡುಗೆ ಬರಹಗಳ ಕಪ್ ಸುಮಾರು 240 ಮಿ.ಲೀ. ಅಷ್ಟು ನೀರು 240 ಗ್ರಾಂ ತೂಗುತ್ತೆ, ಹಣ್ಣು ಅಷ್ಟು ತೂಗಲ್ಲ. ಹೋಳುಗಳ ನಡುವೆ ಗಾಳಿ ಇರುತ್ತೆ. ಪತ್ತಿಕೊಂಡ, ಆಸ್ಪರಿ ಕಡೆ ಹೇರಳವಾಗಿ ಬೆಳೆಯುವ ಟೊಮೆಟೊ (ಅದೂ ಹಣ್ಣೇ) ಹೆಚ್ಚಿದರೆ ಕಪ್‌ಗೆ ಅಂದಾಜು 180 ಗ್ರಾಂ, ದಾಳಿಂಬೆ ಕಾಳು 175, ಮಾವಿನ ಹೋಳು 165, ಬೀಜ ತೆಗೆದು ಹೆಚ್ಚಿದ ಖರ್ಜೂರ 150, ಬೀಜ ಬಿಡಿಸಿದ ಹುಣಸೆ 120. ಬಾಳೆಹಣ್ಣು ಹೋಳಾಗಿದ್ದರೆ 150 ಗ್ರಾಂ, ಅದನ್ನೇ ಹಿಸುಕಿ ತುಂಬಿದರೆ 225.

ರಮಝಾನ್‌ನಲ್ಲಿ ಮಸೀದಿಗೆ ಇಫ್ತಾರ್ ಕಳಿಸುವವರು ಸಿಪ್ಪೆಯ ಲೆಕ್ಕವನ್ನೂ ಹಿಡಿಯಬೇಕು. 10 ಕಪ್ ದಾಳಿಂಬೆ ಕಾಳು ಅಂದರೆ 1.75 ಕೆ.ಜಿ.; ಅಂಗಡಿಯಲ್ಲಿ ಕೊಳ್ಳಬೇಕಾದ್ದು 3 ಕೆ.ಜಿ.ಗೂ ಮೇಲೆ. ಇಲ್ಲಿ ಹೇಳದ ಹಣ್ಣಿಗೆ ಖಾಲಿ ಕಪ್ ತೂಗಿ, ಹೋಳು ತುಂಬಿ ಮತ್ತೆ ತೂಗಿ ಕಳೆದರಾಯಿತು. ಒತ್ತಿ ತುಂಬಬಾರದು.